ಬಾಲವಿರುವ ಮೀಮ್

ಮೊಸುಲ್‌ನ ಆ ಓಣಿಯಲ್ಲಿ, ಹಲ್ವಾ ಅಂಗಡಿಗೂ
ಚಪ್ಪಲಿ ಹೊಲಿಯುವ ಖಿದರನ ಕಟ್ಟೆಗೂ ನಡುವೆ
ಮೂರು ಮೆಟ್ಟಿಲು ಕೆಳಗಿತ್ತು ನಮ್ಮ ಮುದ್ರಣಾಲಯ.
ನನಗೆ ಹನ್ನೆರಡು. ಸೀಮೆಎಣ್ಣೆಯಲ್ಲಿ ಅಚ್ಚುಮೊಳೆ ತೊಳೆಯುವ ಕೆಲಸ.
ಇವತ್ತಿಗೂ ಒಳ್ಳೆಯ ಪದ್ಯ ಓದಿದರೆ
ಮೊದಲು ಮೂಗಿಗೆ ಬರುವುದು ಸೀಮೆಎಣ್ಣೆ.

ಮೇಸ್ತ್ರಿ ಧನ್ನೂನನಿಗೆ ಒಂದೇ ಕಣ್ಣು ನೆಟ್ಟಗಿತ್ತು. ಅದರಲ್ಲೇ
ಸೀಸದ ಸಾಲನ್ನು ಉಲ್ಟಾ ಓದುತ್ತಿದ್ದ,
ನಾವು ನೇರ ಓದುವುದಕ್ಕಿಂತ ಬೇಗ.

ಖೌಲಾ ಬರುತ್ತಿದ್ದುದು ಗುರುವಾರ, ಶಾಲೆ ಬಿಟ್ಟ ಮೇಲೆ,
ಬೆರಳಿಗೆ ಸೀಮೆಸುಣ್ಣ ಮೆತ್ತಿಕೊಂಡು,
ಹಳೆಯ ಉತ್ತರಪತ್ರಿಕೆಗಳ ಬೆನ್ನಿಗೆ ಬರೆದ ಪದ್ಯ ಹಿಡಿದು.
ಧನ್ನೂನ್ ಗೊಣಗುವನು:
"ಪದ್ಯದ ಸಾಲಿಗೆ ನಮ್ಮ ಹಿರಿಯರು ಮನೆ ಎಂದು ಹೆಸರಿಟ್ಟರು, ಮಗಳೇ.
ಮನೆಗೆ ಎರಡು ಕದ, ಎರಡೂ ಒಂದೇ ಅಳತೆ.
ನೀನೋ, ಒಂದನ್ನು ಕಿತ್ತೊಗೆದಿದ್ದೀ,
ಇನ್ನೊಂದನ್ನು ಅರ್ಧಕ್ಕೆ ಕೊಯ್ದಿದ್ದೀ.
ಈ ಖಾಲಿ ಜಾಗಕ್ಕೆಲ್ಲ ಸೀಸ ತುಂಬುವವನು ನಾನು."
"ನಮ್ಮ ಮನೆಗೆ ಬಂದು ನೋಡು, ಮಾಮಾ," ಎಂದಳು ಒಮ್ಮೆ,
"ಅಳತೆ ಸರಿಯಾಗಿಯೇ ಇದೆ."
ಅವಳ ತಮ್ಮ ಗಡಿಗೆ ಹೋಗಿ ಎರಡು ಚಳಿಗಾಲ ಆಗಿತ್ತು.

ತಪಾಸಣೆಯ ಕಚೇರಿಯಿಂದ ಕರಡು ವಾಪಸು ಬಂತು.
ಹನ್ನೊಂದು ಕಡೆ ಕೆಂಪು ಗೆರೆ. ಹನ್ನೊಂದೂ ಒಂದೇ ಪದದ ಕೆಳಗೆ:
ಅಲಮ್. ನೋವು.
ಅಂಚಿನಲ್ಲಿ ಮುದ್ದಾದ ಕೈಬರಹ:
"ಯುದ್ಧಕಾಲದಲ್ಲಿ ಇಷ್ಟೊಂದು ಬೇಕೆ?"

ಖೌಲಾ ತುಟಿ ಪಿಟಕ್ಕೆನ್ನಲಿಲ್ಲ.
ಚಹಾದಲ್ಲಿ ಚಮಚ ತಿರುಗಿಸುತ್ತಲೇ ಇದ್ದಳು, ಸಕ್ಕರೆ ಕರಗಿದ ಎಷ್ಟೋ ಹೊತ್ತಿನವರೆಗೆ.
ಧನ್ನೂನನೇ ಬಾಯಿಬಿಟ್ಟ:
"ಅಲಿಫ್ ಇದ್ದಲ್ಲೇ ಇರಲಿ. ಅದು ಹೇಗೂ
ಮುಂದಿನವರ ಕೈ ಹಿಡಿಯುವ ಜಾತಿಯಲ್ಲ.
ಲಾಮ್, ಮೀಮ್ ಎರಡನ್ನು ಅದಲುಬದಲು ಮಾಡೋಣ."
ಅಲಮ್ ಹೋಯಿತು, ಅಮಲ್ ಬಂತು.
ನೋವಿನ ಜಾಗದಲ್ಲಿ ಭರವಸೆ.

ಬರೀ ಜಾಗ ಬದಲಿಸಿದರೆ ಸಾಲದು. ನಮ್ಮ ಅಕ್ಷರಗಳಿಗೆ
ಪದದ ಮೊದಲಿಗೊಂದು ವೇಷ, ಕೊನೆಗೊಂದು ವೇಷ.
ನೋವಿನ ಕೊನೆಯ ಮೀಮ್‌ಗೆ ಬಾಲವಿದೆ,
ಸಾಲಿನ ಕೆಳಗೆ ಇಳಿಬಿದ್ದಿರುತ್ತದೆ
ಬಾವಿಗೆ ಬಿಟ್ಟ ಹಗ್ಗದ ಹಾಗೆ.
ಭರವಸೆಯಲ್ಲಿ ಮೀಮ್ ಅಂದರೆ ಒಂದು ಗಂಟು, ಎಳ್ಳಿನಷ್ಟು.
ಬಾಲದ ಹನ್ನೊಂದನ್ನೂ ಚಿಮುಟದಲ್ಲಿ ಕಿತ್ತವನು ನಾನೇ.
ಪೆಟ್ಟಿಗೆಗೆ ಹಾಕಲಿಲ್ಲ, ಜೇಬಿಗೆ ಹಾಕಿಕೊಂಡೆ. ಯಾಕೋ.

ಪುಸ್ತಕ ಬಂತು, ಮೊಹರು ಬಿದ್ದು.
ರಾತ್ರಿಯೆಲ್ಲ ಭರವಸೆಯಿಂದ ನರಳಿದೆವು, ನೆರೆಯವರಿಗೆ ಕೇಳದಂತೆ.
ಭರವಸೆ ನನ್ನ ತಾಯಿಯ ಬೆನ್ನು ಬಗ್ಗಿಸಿತು.
ಡಾಕ್ಟರೇ, ಇಲ್ಲಿ, ಪಕ್ಕೆಲುಬಿನ ಕೆಳಗೆ, ಭರವಸೆ.

ಓಣಿಗೆ ಅರ್ಥವಾಗಲು ಒಂದು ಮಧ್ಯಾಹ್ನ ಸಾಕಾಯಿತು.
ಓದು ಬಾರದ ಖಿದರ್ ಮಂಡಿ ನೀವಿಕೊಂಡು ಅಂದ:
"ಇವತ್ತು ಮೋಡ ನೋಡು, ಭರವಸೆ ಜಾಸ್ತಿ."
ರೊಟ್ಟಿ ಒಲೆಯ ಬಳಿ ಹೆಂಗಸರು ಕೇಳಿಕೊಂಡರು:
"ದವಡೆಯ ಭರವಸೆ ಹೇಗಿದೆ? ಲವಂಗ ಇಟ್ಟೆಯಾ?"
ಹೊಟ್ಟೆ ಹಿಡಿದು ನಕ್ಕೆವು. ನಕ್ಕದ್ದಕ್ಕೆ
ಒಬ್ಬನನ್ನು ಕರೆದೊಯ್ದರು ಕೂಡ. ಅವನ ಹೆಸರು ಬೇಡ.

ಮಾರ್ಚಿಯಲ್ಲಿ ಜೀಪು ಬಂತು, ಖೌಲಾಳ ಬಾಗಿಲಿಗೆ.
ಚಿಕ್ಕ ವಯಸ್ಸಿನ ಅಧಿಕಾರಿ, ಬೂಟಿಗೆ ಕೆಸರು.
ಕಳೆದುಹೋದವರ ಪಟ್ಟಿ ಮಡಚಿಡುತ್ತ
ನಿಜಕ್ಕೂ ಮೆತ್ತಗೆ ಹೇಳಿದ: "ಭರವಸೆ ಇದೆ, ಅಕ್ಕಾ."
ಅವಳು ಹೊಸಿಲ ಮೇಲೆ ಕುಸಿದು ಕುಳಿತಳು.
ಆತ ಯಾವ ಊರವನೋ. ನಮ್ಮ ಓಣಿಯ ಮಾತು
ಅವನಿಗೆ ಹೇಗೆ ಗೊತ್ತಿರಬೇಕು?
ಪಕ್ಕದ ಮನೆಯ ಮುದುಕಿ ಮಾತ್ರ
ಆಗಲೇ ತಲೆಯ ಬಟ್ಟೆ ಬಿಚ್ಚಿ ಅಳಲು ಶುರುಮಾಡಿದ್ದಳು.

ಆಮೇಲೆ ಖೌಲಾ ಬರೆದಳೋ ಇಲ್ಲವೋ. ಧನ್ನೂನ್ ಸತ್ತ.
ಓಣಿಯೂ ಉಳಿಯಲಿಲ್ಲ, ಅದು ಬೇರೆಯೇ ವರ್ಷ, ಬೇರೆ ಯುದ್ಧ.
ಮಾತ್ರೆಯ ಡಬ್ಬಿಯಲ್ಲಿ ನನ್ನ ಹತ್ತಿರ ಹತ್ತು ಮೀಮ್‌ಗಳಿವೆ.
ಒಂದು ಎಲ್ಲೋ ಬಿದ್ದುಹೋಯಿತು.

ಮೊಮ್ಮಗಳಿಗೆ ಅಮಲ್ ಎಂದು ಹೆಸರಿಟ್ಟಿದ್ದಾರೆ,
ನನ್ನನ್ನು ಕೇಳದೆ. ಕರೆಯುವಾಗ ಪ್ರತಿಸಲ ನಾಲಗೆ
ಒಂದು ಚೂರು ಎಡವುತ್ತದೆ. ಓಡಿ ಬರುತ್ತಾಳೆ.
ಮೊನ್ನೆ ಡಬ್ಬಿ ತೆಗೆದು, ಒಂದೊಂದನ್ನೇ
ರೊಟ್ಟಿಯ ಹಸಿ ಹಿಟ್ಟಿಗೆ ಒತ್ತಿ
ಬಾಲವನ್ನು ಬೆರಳಲ್ಲಿ ಇನ್ನಷ್ಟು ಉದ್ದ ಎಳೆದಳು.
"ಇದು ಯಾವ ಪದದ್ದು, ತಾತಾ?"

ಬಾಯಿಗಿಡಬೇಡ, ಎಂದೆ. ಸೀಸ.